ಅಲಂಕಾರ ಮೀನುಗಳ ಪರೋಪಜೀವಿ ರೋಗಗಳು: ನಿದಾನ ಮತ್ತು ಚಿಕಿತ್ಸೆ

ಶಾಲೆಯ ಪಡಸಾಲೆಯಲ್ಲಾಗಲಿ ವಿಜ್ಞಾನದ ಪ್ರಯೋಗಾಲಯದಲ್ಲಾಗಲಿ ಇರಿಸಿದ ಒಂದು ಗಾಜಿನ ಮೀನುತೊಟ್ಟಿಯು ಮಕ್ಕಳ ಪಾಲಿಗೆ ಸಜೀವವಾದ ಪಾಠಪುಸ್ತಕವೇ ಸರಿ. ಉಸಿರಾಟ, ಆಹಾರ, ಸಂತಾನೋತ್ಪತ್ತಿ, ಜೀವಿಗಳ ಪರಸ್ಪರಾವಲಂಬನೆ ಮೊದಲಾದ ಎಷ್ಟೋ ವಿಷಯಗಳನ್ನು ಅದು ಮಾತಿಲ್ಲದೆ ಬೋಧಿಸುತ್ತದೆ. ಆದರೆ ದಾನಿಗಳ ಔದಾರ್ಯದಿಂದ ಬಂದ ಇಂತಹ ತೊಟ್ಟಿಗಳು ಕೆಲವೇ ತಿಂಗಳುಗಳಲ್ಲಿ ಬರಿದಾಗಿ, ಧೂಳು ಹಿಡಿದು, ಮೂಲೆ ಸೇರುವುದು ಅಪರೂಪವಲ್ಲ. ಒಂದು ದಿನ ಮೀನಿನ ಮೈಮೇಲೆ ಬಿಳಿಯ ಚುಕ್ಕೆಗಳು ಕಾಣಿಸುತ್ತವೆ. ಯಾರೋ ಹೇಳಿದ ನೀಲಿ ಔಷಧಿಯನ್ನು ಅಂದಾಜಿನಿಂದ ಸುರಿಯಲಾಗುತ್ತದೆ. ವಾರದೊಳಗೆ ಮೀನುಗಳೆಲ್ಲ ಸಾಯುತ್ತವೆ. ರೋಗದಿಂದ ಸತ್ತವೆಷ್ಟು, ಔಷಧಿಯಿಂದ ಸತ್ತವೆಷ್ಟು ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೂಕಪ್ರಾಣಿಗಳ ಈ ನಷ್ಟದೊಡನೆ ಮಕ್ಕಳ ಮನಸ್ಸಿನಲ್ಲಿ ಉಳಿಯುವ ಪಾಠವೂ ತಪ್ಪಾದುದೇ. ಕಾರಣವನ್ನು ಅರಿಯದೆ ಪರಿಹಾರಕ್ಕೆ ಕೈಹಾಕುವ ಅಭ್ಯಾಸವನ್ನು ಅವರು ಹಿರಿಯರಿಂದಲೇ ಕಲಿತಂತಾಗುತ್ತದೆ. ಆದುದರಿಂದ ಅಲಂಕಾರ ಮೀನುಗಳನ್ನು ಬಾಧಿಸುವ ಪರೋಪಜೀವಿಗಳ ಸ್ವರೂಪ, ಅವುಗಳ ನಿದಾನ ಮತ್ತು ಚಿಕಿತ್ಸೆಯ ಕ್ರಮಗಳನ್ನು ವಿವೇಚಿಸುವುದು ಅಧ್ಯಾಪಕರಿಗೂ ಮೀನು ಸಾಕುವ ಗೃಹಸ್ಥರಿಗೂ ಉಪಯುಕ್ತವಾದೀತು.

ಐತಿಹಾಸಿಕ ಹಿನ್ನೆಲೆ

ಚೀನಾ ದೇಶದಲ್ಲಿ ಚಿನ್ನದ ಮೀನಿನ ಸಾಕಣೆ ಬಹು ಪ್ರಾಚೀನವಾದುದು. ಗಾಜಿನ ತೊಟ್ಟಿಯಲ್ಲಿ ಮೀನು ಮತ್ತು ಜಲಸಸ್ಯಗಳನ್ನು ಒಂದಕ್ಕೊಂದು ಪೂರಕವಾಗಿ ಉಳಿಸಬಹುದೆಂಬುದನ್ನು 1850ರಲ್ಲಿ ಇಂಗ್ಲೆಂಡಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಪ್ರಯೋಗದಿಂದ ತೋರಿಸಿದನು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ನಮ್ಮ ದೇಶದಲ್ಲಿ 1909ರಲ್ಲಿ ಮದ್ರಾಸಿನ ಕಡಲತೀರದಲ್ಲಿಯೂ, 1951ರಲ್ಲಿ ಮುಂಬಯಿಯಲ್ಲಿ ತಾರಾಪೋರವಾಲಾ ಹೆಸರಿನಲ್ಲಿಯೂ ಮತ್ಸ್ಯಾಲಯಗಳು ಆರಂಭವಾದವು.

ಮೀನಿನ ವಿಷಯದಲ್ಲಿ ಮಂಗಳೂರು ನಗರಕ್ಕೆ ವಿಶೇಷ ಸ್ಥಾನವಿದೆ. 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಇಲ್ಲಿ ಸ್ಥಾಪಿತವಾದ ಮೀನುಗಾರಿಕಾ ಮಹಾವಿದ್ಯಾಲಯವು ಭಾರತದಲ್ಲಿಯೇ ಆ ಬಗೆಯ ಮೊತ್ತಮೊದಲನೆಯದು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಅಸ್ತಿತ್ವಕ್ಕೆ ಬಂದ ಮೇಲೆ ಈ ಮಹಾವಿದ್ಯಾಲಯವು ಅದರ ಅಂಗವಾಯಿತು. ಕಡಲ ಮೀನುಗಾರಿಕೆಯೊಂದಿಗೆ ಸಿಹಿನೀರಿನ ಮೀನು ಕೃಷಿ, ಮೀನಿನ ಆರೋಗ್ಯ ಮೊದಲಾದವೂ ಅಲ್ಲಿಯ ಅಧ್ಯಯನದ ವಿಷಯಗಳಾಗಿವೆ. ಮೀನಿಗೆ ರೋಗ ಬಂದಾಗ ಶಾಸ್ತ್ರೀಯವಾಗಿ ಆಲೋಚಿಸಬಲ್ಲ ವಿದ್ವಾಂಸರು ಊರಿನಲ್ಲಿಯೇ ಇರುವುದು ಈ ನಗರದ ಭಾಗ್ಯ.

ಸ್ಥಳೀಯ ನೀರು ಮತ್ತು ಹವೆ

ಮೀನಿನ ರೋಗವನ್ನು ನೀರಿನಿಂದ ಬೇರ್ಪಡಿಸಿ ನೋಡಲಾಗದು. ಮಂಗಳೂರು ನಗರಕ್ಕೆ ನೇತ್ರಾವತಿ ನದಿಯ ತುಂಬೆ ಅಣೆಕಟ್ಟಿನಿಂದ ನೀರು ಬರುತ್ತದೆ. ಮನುಷ್ಯರ ಆರೋಗ್ಯಕ್ಕಾಗಿ ಅದಕ್ಕೆ ಸೇರಿಸುವ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ನಲ್ಲಿಯ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು, ಗಾಳಿಯಾಡಿಸಿ, ಆ ಬಳಿಕ ತೊಟ್ಟಿಗೆ ಸೇರಿಸುವುದು ಕ್ಷೇಮ. ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಅದು ಸಾಮಾನ್ಯವಾಗಿ ಮೃದುವಾದುದು ಮತ್ತು ತುಸು ಆಮ್ಲೀಯವಾದುದು. ಕೆಲವು ಔಷಧಿಗಳ ವಿಷತ್ವವು ಇಂತಹ ಮೃದು ಜಲದಲ್ಲಿ ಹಲವು ಪಟ್ಟು ಹೆಚ್ಚುವುದರಿಂದ ಈ ಗುಣವನ್ನು ಚಿಕಿತ್ಸೆಯ ಸಂದರ್ಭದಲ್ಲಿ ಅವಶ್ಯವಾಗಿ ಸ್ಮರಿಸಬೇಕಾಗುತ್ತದೆ.

ಇನ್ನು ಹವೆಯ ವಿಚಾರ. ಕರಾವಳಿಯ ಬೇಸಗೆಯಲ್ಲಿ ತೊಟ್ಟಿಯ ನೀರು ತಾನಾಗಿಯೇ 30 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಏರುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಆದರೆ ಬೆಚ್ಚನೆಯ ನೀರಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು. ಜೂನ್ ತಿಂಗಳಲ್ಲಿ ಮಳೆ ಹಿಡಿದೊಡನೆ ಉಷ್ಣತೆ ಇಳಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ಪ್ರದೇಶದಲ್ಲಿ ಗಾಳಿಮಳೆಗೆ ವಿದ್ಯುತ್ತು ಕೈಕೊಟ್ಟು ಗಾಳಿಯ ಯಂತ್ರ ನಿಲ್ಲುವುದೂ ಉಂಟು. ಉಷ್ಣತೆಯ ಏರಿಳಿತ ಮತ್ತು ಆಮ್ಲಜನಕದ ಕೊರತೆಯಿಂದ ಮೀನಿನ ರೋಗನಿರೋಧಕ ಶಕ್ತಿ ಕುಂದಿದಾಗ ಅದುವರೆಗೆ ಅಲ್ಪಸಂಖ್ಯೆಯಲ್ಲಿದ್ದ ಪರೋಪಜೀವಿಗಳು ಮೇಲುಗೈ ಪಡೆಯುತ್ತವೆ.

ಪರೋಪಜೀವಿಯೆಂದರೇನು?

ಮತ್ತೊಂದು ಜೀವಿಯ ದೇಹದ ಮೇಲೋ ಒಳಗೋ ನೆಲೆಸಿ, ಅದರಿಂದಲೇ ಆಹಾರ ಪಡೆದು, ಅದಕ್ಕೆ ಹಾನಿಯುಂಟುಮಾಡುವ ಜೀವಿಯೇ ಪರೋಪಜೀವಿ. ಆಶ್ರಯ ನೀಡಿದ ಜೀವಿಯನ್ನು ಆತಿಥೇಯವೆನ್ನುತ್ತಾರೆ. ನದಿ ಕೆರೆಗಳ ಮೀನುಗಳಲ್ಲಿಯೂ ಪರೋಪಜೀವಿಗಳು ಇದ್ದೇ ಇರುತ್ತವೆ. ಆದರೆ ಅಲ್ಲಿ ನೀರಿನ ವಿಸ್ತಾರ ಅಪಾರ. ಪರೋಪಜೀವಿಯ ಮರಿಗೆ ಹೊಸ ಆತಿಥೇಯ ದೊರೆಯುವ ಅವಕಾಶ ಕಡಿಮೆ. ಗಾಜಿನ ತೊಟ್ಟಿಯಲ್ಲಾದರೋ ಮೀನು ತಪ್ಪಿಸಿಕೊಂಡು ಹೋಗುವಂತಿಲ್ಲ. ಹುಟ್ಟಿದ ಮರಿಗಳಿಗೆಲ್ಲ ಆತಿಥೇಯವು ಅಂಗುಲಗಳ ದೂರದಲ್ಲಿಯೇ ಸಿಗುತ್ತದೆ. ನದಿಯಲ್ಲಿ ನಿರುಪದ್ರವಿಯಾಗಿದ್ದ ಜೀವಿಯೇ ತೊಟ್ಟಿಯಲ್ಲಿ ಮಾರಕವಾಗುವುದಕ್ಕೆ ಇದೇ ಕಾರಣ.

ತೊಟ್ಟಿಯ ಮೀನುಗಳನ್ನು ಕಾಡುವ ಪರೋಪಜೀವಿಗಳನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು: ಸೂಕ್ಷ್ಮದರ್ಶಕಕ್ಕೆ ಮಾತ್ರ ಸ್ಪಷ್ಟವಾಗಿ ಕಾಣುವ ಏಕಕೋಶ ಜೀವಿಗಳು, ಚರ್ಮ ಮತ್ತು ಕಿವಿರುಗಳಿಗೆ ಅಂಟುವ ಚಪ್ಪಟೆ ಹುಳುಗಳು, ಸಿಗಡಿ ಏಡಿಗಳ ದೂರದ ಬಂಧುಗಳಾದ ಕಠಿಣಚರ್ಮಿಗಳು, ಕರುಳಿನಲ್ಲಿ ನೆಲೆಸುವ ದುಂಡು ಹುಳು ಮೊದಲಾದವು. ಈ ನಾಲ್ಕಕ್ಕೂ ಒಂದೇ ಮದ್ದು ಇಲ್ಲವೆಂಬುದು ಚಿಕಿತ್ಸೆಯ ಮೊದಲನೆಯ ಸೂತ್ರ.

ನಿದಾನದ ಕ್ರಮ

ಮೀನು ತನ್ನ ನೋವನ್ನು ಹೇಳಲಾರದು, ಆದರೆ ತೋರಿಸುತ್ತದೆ. ಮೈಯನ್ನು ಕಲ್ಲಿಗೆ ಉಜ್ಜುವುದು, ಈಜುರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯುವುದು, ಗುಂಪಿನಿಂದ ಬೇರೆಯಾಗಿ ಮೂಲೆಯಲ್ಲಿ ನಿಲ್ಲುವುದು, ಆಹಾರಕ್ಕೆ ಬಾರದಿರುವುದು, ಕಿವಿರು ಮುಚ್ಚಳವನ್ನು ವೇಗವಾಗಿ ಬಡಿಯುವುದು, ಮೈಮೇಲೆ ಲೋಳೆ ಹೆಚ್ಚಿ ಮಸುಕಾಗಿ ಕಾಣುವುದು — ಇವೆಲ್ಲ ರೋಗದ ಸೂಚನೆಗಳು. ದಿನವೂ ಆಹಾರ ಹಾಕುವಾಗ ಐದು ನಿಮಿಷ ಮೀನುಗಳನ್ನು ಗಮನಿಸಿ ಕಂಡುದನ್ನು ಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ಸರದಿಯಂತೆ ವಿದ್ಯಾರ್ಥಿಗಳಿಗೆ ವಹಿಸಿದರೆ ರೋಗವು ಆರಂಭದಲ್ಲಿಯೇ ಪತ್ತೆಯಾಗುತ್ತದೆ.

ಆದರೆ ಈ ಸೂಚನೆಗಳಲ್ಲಿ ಹಲವು ಪರೋಪಜೀವಿಗಳಿಗೆ ಮಾತ್ರ ಸೀಮಿತವಾದುವಲ್ಲ. ಮೀನುಗಳೆಲ್ಲ ಏಕಕಾಲದಲ್ಲಿ, ಅದರಲ್ಲಿಯೂ ಬೆಳಗಿನ ಜಾವದಲ್ಲಿ, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕದ ಕೊರತೆಯನ್ನು ಮೊದಲು ಸಂಶಯಿಸಬೇಕು. ಹೊಸದಾಗಿ ಸ್ಥಾಪಿಸಿದ ತೊಟ್ಟಿಯಲ್ಲಿ ಮೀನುಗಳು ಒಟ್ಟಾಗಿ ನರಳಿದರೆ ಅಮೋನಿಯದ ವಿಷವೇ ಕಾರಣವಾಗಿರಬಹುದು. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯವನ್ನು ನಿರಪಾಯಕರವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರಗಳು ಬೇಕಾಗುತ್ತವೆ. ಇಂತಹ ಸಂದರ್ಭದಲ್ಲಿ ಔಷಧಿ ಸುರಿದರೆ ಆ ಬ್ಯಾಕ್ಟೀರಿಯಗಳೂ ನಾಶವಾಗಿ ವಿಷವು ಇಮ್ಮಡಿಯಾಗುತ್ತದೆ. ಆದುದರಿಂದ ಮೊದಲು ನೀರಿನ ಪರೀಕ್ಷೆ, ಅನಂತರ ಮೀನಿನ ಪರೀಕ್ಷೆ, ಕಟ್ಟಕಡೆಗೆ ಔಷಧಿ — ಈ ಅನುಕ್ರಮವನ್ನು ಮೀರಬಾರದು. ಸಂದೇಹವಿದ್ದಾಗ ತೊಟ್ಟಿಯ ಕಾಲುಭಾಗದಷ್ಟು ನೀರನ್ನು ಬದಲಿಸಿ, ಗಾಳಿಯನ್ನು ಹೆಚ್ಚಿಸುವುದರಿಂದ ಯಾವ ಮೀನಿಗೂ ಹಾನಿಯಿಲ್ಲ.

ನಿಶ್ಚಿತವಾದ ನಿದಾನಕ್ಕೆ ಸೂಕ್ಷ್ಮದರ್ಶಕವೇ ಆಧಾರ. ಪ್ರೌಢಶಾಲೆಗಳ ಪ್ರಯೋಗಾಲಯದಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ವರ್ಧನೆಯೇ ಹೆಚ್ಚಿನ ಪರೋಪಜೀವಿಗಳಿಗೆ ಸಾಕು. ಕೈಯನ್ನು ಒದ್ದೆಮಾಡಿಕೊಂಡು ರೋಗಗ್ರಸ್ತ ಮೀನನ್ನು ಮೃದುವಾಗಿ ಹಿಡಿದು, ಪಕ್ಕದ ಈಜುರೆಕ್ಕೆಯ ಹಿಂಭಾಗದಲ್ಲಿ ತೆಳುಗಾಜಿನ ಅಂಚಿನಿಂದ ತಲೆಯ ಕಡೆಯಿಂದ ಬಾಲದ ಕಡೆಗೆ ಹಗುರವಾಗಿ ಒಂದು ಸಾರಿ ಸವರಿದರೆ ಸ್ವಲ್ಪ ಲೋಳೆ ಬರುತ್ತದೆ. ಅದನ್ನು ಗಾಜಿನ ಪಟ್ಟಿಯ ಮೇಲಿರಿಸಿ ಅದೇ ತೊಟ್ಟಿಯ ಒಂದು ಹನಿ ನೀರನ್ನು ಸೇರಿಸಿ ತತ್‌ಕ್ಷಣ ನೋಡಬೇಕು. ನಲ್ಲಿಯ ನೀರನ್ನು ಬಳಸಿದರೆ ಅದರಲ್ಲಿರುವ ಕ್ಲೋರಿನ್ನಿನಿಂದ ಪರೋಪಜೀವಿಗಳು ಸಾಯುತ್ತವೆ; ಚಲಿಸುವ ಜೀವಿಯನ್ನು ಗುರುತಿಸುವುದು ಸತ್ತುದನ್ನು ಗುರುತಿಸುವುದಕ್ಕಿಂತ ಸುಲಭ. ಈ ಕಾರ್ಯವು ಅರ್ಧ ನಿಮಿಷದೊಳಗೆ ಮುಗಿದು ಮೀನು ನೀರಿಗೆ ಮರಳಬೇಕು. ಕಿವಿರಿನ ತುಣುಕನ್ನು ತೆಗೆದು ನೋಡುವುದು ತರಬೇತಿ ಪಡೆದವರ ಕೆಲಸ; ಅದನ್ನು ತರಗತಿಯಲ್ಲಿ ಪ್ರಯೋಗಿಸಕೂಡದು.

ಸತ್ತು ಹಲವು ಗಂಟೆಗಳಾದ ಮೀನಿನಿಂದ ನಿದಾನಕ್ಕೆ ಹೆಚ್ಚಿನ ಸಹಾಯ ದೊರೆಯದು. ಆತಿಥೇಯ ಸತ್ತೊಡನೆ ಅನೇಕ ಪರೋಪಜೀವಿಗಳು ಅದನ್ನು ತೊರೆಯುತ್ತವೆ ಅಥವಾ ತಾವೂ ಸಾಯುತ್ತವೆ. ತಜ್ಞರಲ್ಲಿಗೆ ಒಯ್ಯುವುದಾದರೆ ರೋಗಲಕ್ಷಣವಿರುವ ಜೀವಂತ ಮೀನನ್ನು ತೊಟ್ಟಿಯ ನೀರಿನಲ್ಲಿಯೇ ಒಯ್ದು, ಪ್ರತ್ಯೇಕವಾಗಿ ಒಂದು ಶೀಸೆ ನೀರನ್ನೂ ಕೊಂಡೊಯ್ಯುವುದು ಯುಕ್ತ.

ಬಿಳಿಚುಕ್ಕೆ ರೋಗ

ತೊಟ್ಟಿಯ ಮೀನುಗಳ ರೋಗಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬಿಳಿಚುಕ್ಕೆ ರೋಗ. 1876ರಲ್ಲಿ ಫ್ರಾನ್ಸಿನ ಫೂಕೆ ಎಂಬಾತನು ಇದಕ್ಕೆ ಕಾರಣವಾದ ಏಕಕೋಶ ಜೀವಿಯನ್ನು ವರ್ಣಿಸಿ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಹೆಸರಿಸಿದನು. ಅನೇಕ ಮರಿಗಳುಳ್ಳ ಮೀನಿನ ಹೇನು ಎಂದು ಆ ಹೆಸರಿನ ಅರ್ಥ. ಸಕ್ಕರೆಯ ಕಣಗಳನ್ನು ಉದುರಿಸಿದಂತೆ ಮೀನಿನ ಮೈ ಮತ್ತು ರೆಕ್ಕೆಗಳ ಮೇಲೆ ಒಂದು ಮಿಲಿಮೀಟರಿನವರೆಗಿನ ಬಿಳಿ ಚುಕ್ಕೆಗಳು ಏಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಲೋಮಾಂಗಗಳಿದ್ದು ನಿಧಾನವಾಗಿ ಹೊರಳುವ ದುಂಡು ಜೀವಿಯೂ, ಅದರೊಳಗೆ ಕುದುರೆಯ ಲಾಳದ ಆಕಾರದ ಕೋಶಕೇಂದ್ರವೂ ಕಾಣುತ್ತವೆ.

ಇದರ ಜೀವನಚಕ್ರವನ್ನು ಅರಿಯದೆ ಚಿಕಿತ್ಸೆ ಅಸಾಧ್ಯ. ಜೀವಿಯು ಮೀನಿನ ಚರ್ಮದ ಹೊರಪದರದ ಅಡಿಯಲ್ಲಿ ಹುದುಗಿ ಬೆಳೆಯುತ್ತದೆ. ಬಲಿತ ಬಳಿಕ ಮೀನನ್ನು ಬಿಟ್ಟು ತೊಟ್ಟಿಯ ತಳಕ್ಕೆ ಇಳಿದು, ಮರಳು ಅಥವಾ ಸಸ್ಯಕ್ಕೆ ಅಂಟಿ, ತನ್ನ ಸುತ್ತ ಕವಚವನ್ನು ನಿರ್ಮಿಸಿಕೊಂಡು ಒಡೆಯುತ್ತಾ ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗುತ್ತದೆ. ಹೊರಬಂದ ಮರಿಗಳು ನೀರಿನಲ್ಲಿ ಈಜುತ್ತಾ ಒಂದೆರಡು ದಿನಗಳೊಳಗೆ ಆತಿಥೇಯವನ್ನು ಹುಡುಕಿಕೊಳ್ಳದಿದ್ದರೆ ಸಾಯುತ್ತವೆ. 25 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಈ ಚಕ್ರವು ಒಂದು ವಾರದೊಳಗೆ ಪೂರ್ಣವಾಗುತ್ತದೆ. ತಣ್ಣೀರಿನಲ್ಲಿ ಹಲವು ವಾರಗಳಾಗುತ್ತವೆ. ಚರ್ಮದ ಅಡಿಯಲ್ಲಿರುವಾಗಲಾಗಲಿ ಕವಚದೊಳಗಿರುವಾಗಲಾಗಲಿ ಔಷಧಿಯು ಇದನ್ನು ಮುಟ್ಟಲಾರದು. ಈಜುವ ಮರಿಯ ಅವಸ್ಥೆಯೊಂದೇ ಔಷಧಿಗೆ ಸಿಗುವಂತಹುದು. ಮೊದಲ ದಿನ ಔಷಧಿ ಹಾಕಿದ ಮೇಲೂ ಚುಕ್ಕೆಗಳು ಹೆಚ್ಚುವುದನ್ನು ಕಂಡು ಮದ್ದು ನಿಷ್ಫಲವೆಂದು ಬಿಡುವುದೂ, ಚುಕ್ಕೆಗಳು ಉದುರಿದೊಡನೆ ರೋಗ ವಾಸಿಯಾಯಿತೆಂದು ನಿಲ್ಲಿಸುವುದೂ ಸಮಾನವಾದ ತಪ್ಪುಗಳು.

ಆದುದರಿಂದ ಚಿಕಿತ್ಸೆಯು 10ರಿಂದ 14 ದಿನಗಳವರೆಗೆ ನಡೆಯಬೇಕು. ಉಷ್ಣತೆಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30 ಡಿಗ್ರಿಗೆ ಏರಿಸಿದರೆ ಪರೋಪಜೀವಿಯ ವೃದ್ಧಿಗೆ ತಡೆಯುಂಟಾಗುತ್ತದೆ. ಆದರೆ ಆಗ ಗಾಳಿಯನ್ನು ಹೆಚ್ಚಿಸಲೇಬೇಕು, ಮತ್ತು ಆ ಉಷ್ಣತೆಯನ್ನು ತಾಳುವ ಜಾತಿಯ ಮೀನುಗಳೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಲೀಟರಿಗೆ 2ರಿಂದ 3 ಗ್ರಾಂ ಕಲ್ಲುಪ್ಪನ್ನು ಎರಡು ಮೂರು ಕಂತುಗಳಲ್ಲಿ ಕರಗಿಸಿ ಸೇರಿಸುವುದು ಸರಳವಾದ ಉಪಾಯ. ಪ್ರತಿದಿನ ತಳದ ಮರಳನ್ನು ನಳಿಗೆಯಿಂದ ಹೀರಿ ತೆಗೆಯುವುದರಿಂದ ಕವಚದೊಳಗಿನ ಅಸಂಖ್ಯ ಜೀವಿಗಳು ಹೊರಹೋಗುತ್ತವೆ. ಮೀಸೆಮೀನುಗಳು ಮತ್ತು ಕೆಲವು ಕೋಮಲ ಜಾತಿಗಳು ಉಪ್ಪನ್ನು ಸಹಿಸವು. ಜಲಸಸ್ಯಗಳಿಗೂ ಅದು ಹಿತವಲ್ಲ. ರೋಗದಿಂದ ಉಳಿದುಕೊಂಡ ಮೀನುಗಳಿಗೆ ಈ ರೋಗದ ವಿರುದ್ಧ ಒಂದು ಮಟ್ಟದ ನಿರೋಧಕ ಶಕ್ತಿ ಪ್ರಾಪ್ತವಾಗುವುದು ಗಮನಾರ್ಹ.

ಬಿಳಿ ಚುಕ್ಕೆ ಕಂಡೊಡನೆ ಈ ರೋಗವೆಂದು ತೀರ್ಮಾನಿಸುವಂತಿಲ್ಲ. ಗಂಡು ಚಿನ್ನದ ಮೀನಿನ ಕಿವಿರು ಮುಚ್ಚಳ ಮತ್ತು ಮುಂದಿನ ಈಜುರೆಕ್ಕೆಗಳ ಅಂಚಿನಲ್ಲಿ ಸಂತಾನಕಾಲದಲ್ಲಿ ಒಪ್ಪವಾಗಿ ಬಿಳಿಯ ಬೊಬ್ಬೆಗಳು ಮೂಡುತ್ತವೆ. ಇದು ಆರೋಗ್ಯದ ಚಿಹ್ನೆ. ಅಂತಹ ಮೀನಿಗೆ ಮದ್ದು ಕೊಡುವುದು ಪ್ರಾಯಕ್ಕೆ ಬಂದ ಹುಡುಗನ ಚಿಗುರುಮೀಸೆಗೆ ಚಿಕಿತ್ಸೆ ಮಾಡಿದಂತೆಯೇ ಸರಿ. ಹತ್ತಿಯ ಎಳೆಯಂತೆ ಕುಚ್ಚಾಗಿ ಕಾಣುವುದಾದರೆ ಅದು ಶಿಲೀಂಧ್ರ. ಸಾಮಾನ್ಯವಾಗಿ ಹಳೆಯ ಗಾಯದ ಮೇಲೆ ಬೆಳೆಯುತ್ತದೆ.

ಇತರ ಏಕಕೋಶ ಜೀವಿಗಳು

ಮಂದ ಬೆಳಕಿನಲ್ಲಿ ಮೀನಿನ ಪಕ್ಕದಿಂದ ಬ್ಯಾಟರಿ ದೀಪವನ್ನು ಹಾಯಿಸಿದಾಗ ಚಿನ್ನದ ಧೂಳು ಲೇಪಿಸಿದಂತೆ ಮೈ ಮಿನುಗಿದರೆ ಅದು ಮಖಮಲ್ಲು ರೋಗದ ಲಕ್ಷಣ. ಕಣಗಳು ಬಿಳಿಚುಕ್ಕೆಗಿಂತ ಬಹಳ ಸಣ್ಣವು. ಇದಕ್ಕೆ ಕಾರಣವಾದ ಜೀವಿಯು ಸಸ್ಯಗಳಂತೆ ಬೆಳಕಿನಿಂದಲೂ ಆಹಾರ ತಯಾರಿಸಿಕೊಳ್ಳಬಲ್ಲುದಾದುದರಿಂದ ತೊಟ್ಟಿಯನ್ನು ಕೆಲವು ದಿನ ಬಟ್ಟೆಯಿಂದ ಮುಚ್ಚಿ ಕತ್ತಲು ಮಾಡುವುದು ಚಿಕಿತ್ಸೆಗೆ ಪೂರಕ. ಸೂಕ್ಷ್ಮದರ್ಶಕದಲ್ಲಿ ಹಲ್ಲುಗಳುಳ್ಳ ಚಕ್ರದಂತೆ ಸುಂದರವಾಗಿ ತಿರುಗುತ್ತ ಸಾಗುವ ಟ್ರೈಕೋಡಿನ ಮತ್ತೊಂದು ಸಾಮಾನ್ಯ ಜೀವಿ. ಒಂದೆರಡು ಕಂಡರೆ ಭಯಪಡಬೇಕಾಗಿಲ್ಲ. ಹಿಂಡುಹಿಂಡಾಗಿ ಕಂಡರೆ ನೀರು ಹೊಲಸಾಗಿದೆ, ಮೀನುಗಳು ಕಿಕ್ಕಿರಿದಿವೆ ಎಂದೇ ಅರ್ಥ. ಇಲ್ಲಿ ಶುಚಿತ್ವವೇ ಪ್ರಥಮ ಚಿಕಿತ್ಸೆ.

ಚಪ್ಪಟೆ ಹುಳುಗಳು

ಕಿವಿರಿನ ಹುಳುವಾದ ಡ್ಯಾಕ್ಟಿಲೋಗೈರಸ್ ಮತ್ತು ಚರ್ಮದ ಹುಳುವಾದ ಗೈರೋಡ್ಯಾಕ್ಟಿಲಸ್ ಇವೆರಡೂ ಹಿಂಭಾಗದ ಕೊಕ್ಕೆಗಳಿಂದ ಮೀನಿಗೆ ಕಚ್ಚಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಮೊದಲನೆಯದರ ತಲೆಯಲ್ಲಿ ನಾಲ್ಕು ಕಪ್ಪು ಕಣ್ಬೊಟ್ಟುಗಳಿರುತ್ತವೆ, ಎರಡನೆಯದಕ್ಕೆ ಕಣ್ಬೊಟ್ಟುಗಳಿಲ್ಲ. ಈ ವ್ಯತ್ಯಾಸವು ಶಾಸ್ತ್ರದ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮೊದಲನೆಯದು ಮೊಟ್ಟೆಯಿಡುತ್ತದೆ, ಆ ಮೊಟ್ಟೆಗಳ ಮೇಲೆ ಔಷಧಿಯ ಪರಿಣಾಮವಾಗದು. ಎರಡನೆಯದು ಮರಿ ಹಾಕುತ್ತದೆ. ಆಶ್ಚರ್ಯವೆಂದರೆ ತಾಯಿಯ ಗರ್ಭದಲ್ಲಿರುವ ಮರಿಯೊಳಗೆ ಮತ್ತೊಂದು ಮರಿಯು ಆಗಲೇ ಬೆಳೆಯತೊಡಗಿರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಪ್ರಮಾಣದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಔಷಧಿಯು ಎರಡಕ್ಕೂ ಪರಿಣಾಮಕಾರಿ. ಚರ್ಮದ ಹುಳುವಿಗೆ ಒಂದು ಬಾರಿಯ ಚಿಕಿತ್ಸೆ ಸಾಕಾಗಬಹುದಾದರೆ, ಕಿವಿರಿನ ಹುಳುವಿಗೆ ಮೊಟ್ಟೆಯೊಡೆದು ಬರುವ ಮರಿಗಳಿಗಾಗಿ ಸುಮಾರು ಒಂದು ವಾರದ ಅಂತರದಲ್ಲಿ ಎರಡನೆಯ, ಅಗತ್ಯವಿದ್ದರೆ ಮೂರನೆಯ ಬಾರಿ ಔಷಧಿ ಕೊಡಬೇಕಾಗುತ್ತದೆ.

ಮೀನಿನ ಹೇನು ಮತ್ತು ಲಂಗರು ಹುಳು

ಬರಿಗಣ್ಣಿಗೆ ಕಾಣುವ ಪರೋಪಜೀವಿಗಳಲ್ಲಿ ಆರ್ಗುಲಸ್ ಅಥವಾ ಮೀನಿನ ಹೇನು ಮುಖ್ಯವಾದುದು. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ಉದ್ದವಾಗಿ, ಪಾರದರ್ಶಕವಾದ ಚಪ್ಪಟೆ ಬಿಲ್ಲೆಯಂತಿದ್ದು, ಎರಡು ಹೀರುಬಟ್ಟಲುಗಳಿಂದ ಮೀನಿಗೆ ಅಂಟಿ ರಕ್ತ ಹೀರುತ್ತದೆ. ಹೆಸರು ಹೇನಾದರೂ ಇದು ಕೀಟವಲ್ಲ, ಕಠಿಣಚರ್ಮಿ. ಕಾಟ್ಲಾ, ರೋಹು ಮೊದಲಾದ ಗೆಂಡೆ ಜಾತಿಯ ಮೀನುಗಳನ್ನು ಸಾಕುವ ಕೆರೆ ಕೊಳಗಳಲ್ಲಿಯೂ ಇದು ರೈತರಿಗೆ ಭಾರಿ ನಷ್ಟವನ್ನುಂಟುಮಾಡುತ್ತದೆ. ಹೆಣ್ಣು ಮೀನನ್ನು ಬಿಟ್ಟು ಗಾಜಿನ ಮೇಲೋ ಕಲ್ಲಿನ ಮೇಲೋ ಸಾಲಾಗಿ ಮೊಟ್ಟೆಯಿಡುವುದರಿಂದ, ಮೀನಿನ ಮೈಯ ಹೇನುಗಳನ್ನು ಚಿಮುಟದಿಂದ ತೆಗೆಯುವುದರ ಜೊತೆಗೆ ಗಾಜನ್ನೂ ಕಲ್ಲುಗಳನ್ನೂ ಕೆರೆದು ತೊಳೆಯಬೇಕು.

ಲಂಗರು ಹುಳುವೆಂಬ ಲರ್ನಿಯವು ಮೀನಿನ ಹುರುಪೆಗಳ ನಡುವೆ ನೇತಾಡುವ ದಾರದ ತುಣುಕಿನಂತೆ ಕಾಣುತ್ತದೆ. ಹೆಣ್ಣು ಮಾತ್ರವೇ ಮಾಂಸದೊಳಗೆ ತಲೆಯನ್ನು ತೂರಿಸಿ ಲಂಗರಿನಂತೆ ಕವಲೊಡೆದು ನಿಲ್ಲುತ್ತದೆ. ಇದನ್ನು ಎಳೆಯುವಾಗ ತುಂಡಾಗಿ ತಲೆ ಒಳಗುಳಿದರೆ ಹುಣ್ಣಾಗುತ್ತದೆ. ಬುಡದಲ್ಲಿ ಹಿಡಿದು ನಿಧಾನವಾಗಿ ತೆಗೆದು ಗಾಯಕ್ಕೆ ನಂಜುನಿವಾರಕ ಹಚ್ಚಬೇಕು. ಬೆಚ್ಚನೆಯ ನೀರಿನಲ್ಲಿ ಇದು ಸುಮಾರು ಮೂರು ವಾರಗಳಲ್ಲಿ ಹೊಸ ಪೀಳಿಗೆಯನ್ನು ಹುಟ್ಟಿಸುವುದರಿಂದ ಕರಾವಳಿಯಲ್ಲಿ ಇದರ ಕಾಟ ವರ್ಷವಿಡೀ ಇರಬಹುದು. ಈ ಎರಡು ಜೀವಿಗಳೂ ಚಿನ್ನದ ಮೀನು ಮತ್ತು ಗೆಂಡೆ ಮೀನುಗಳ ವ್ಯಾಪಾರದೊಡನೆಯೇ ಜಗತ್ತಿನ ನಾನಾ ಭಾಗಗಳಿಗೆ ಹಬ್ಬಿದವು.

ಕರುಳಿನ ಪರೋಪಜೀವಿಗಳು

ಚೆನ್ನಾಗಿ ತಿಂದರೂ ಮೀನು ಸೊರಗುತ್ತಿದ್ದರೆ, ಮಲವು ಬಿಳಿಯ ಎಳೆಯಂತೆ ನೇತಾಡುತ್ತಿದ್ದರೆ ಒಳಗಿನ ಪರೋಪಜೀವಿಗಳನ್ನು ಸಂಶಯಿಸಬಹುದು. ಗಪ್ಪಿ ಮೊದಲಾದ ಮರಿ ಹಾಕುವ ಮೀನುಗಳ ಗುದದ್ವಾರದಲ್ಲಿ ಕೆಂಪು ದಾರದ ತುದಿಗಳು ಕಂಡರೆ ಅದು ಕಮಲ್ಲಾನಸ್ ಎಂಬ ದುಂಡು ಹುಳು. ಇದಕ್ಕೆ ಲೆವಮಿಸೋಲಿನಂತಹ ಜಂತುನಾಶಕಗಳುಂಟು. ಆದರೆ ಅವುಗಳ ಪ್ರಮಾಣವನ್ನು ಮೀನಿನ ವೈದ್ಯರೇ ನಿರ್ಧರಿಸತಕ್ಕದ್ದು. ಜೀವಂತ ಟ್ಯೂಬಿಫೆಕ್ಸ್ ಹುಳುಗಳನ್ನು ಆಹಾರವಾಗಿ ಹಾಕುವವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಶೀತಪ್ರದೇಶದ ಟ್ರೌಟ್ ಮೀನುಗಳ ಸುತ್ತುರೋಗವನ್ನು ಉಂಟುಮಾಡುವ ಪರೋಪಜೀವಿಯು ತನ್ನ ಜೀವನದ ಒಂದು ಭಾಗವನ್ನು ಈ ಹುಳುವಿನೊಳಗೇ ಕಳೆಯುತ್ತದೆಯೆಂಬುದು 1980ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳಿಂದ ಬೆಳಕಿಗೆ ಬಂತು. ಚರಂಡಿಯ ಕೆಸರಿನಿಂದ ತೆಗೆದ ಆಹಾರವು ಅಗ್ಗವಾದರೂ ನಿರಪಾಯಕರವಲ್ಲ.

ಪ್ರಮಾಣದ ಗಣಿತ

ಔಷಧಿಗೂ ವಿಷಕ್ಕೂ ಇರುವ ಅಂತರ ಪ್ರಮಾಣವೊಂದೇ. ತೊಟ್ಟಿಯ ನೀರಿನ ಪರಿಮಾಣವನ್ನು ಊಹಿಸದೆ ಲೆಕ್ಕಹಾಕಬೇಕು. ಉದ್ದ 90, ಅಗಲ 40 ಸೆಂಟಿಮೀಟರ್ ಇರುವ ತೊಟ್ಟಿಯಲ್ಲಿ ನೀರಿನ ಎತ್ತರ 35 ಸೆಂಟಿಮೀಟರ್ ಇದ್ದರೆ ಗುಣಲಬ್ಧ 1,26,000 ಘನ ಸೆಂಟಿಮೀಟರ್, ಅಂದರೆ 126 ಲೀಟರ್. ಮರಳು ಮತ್ತು ಕಲ್ಲುಗಳಿಗೆ ಹತ್ತರಲ್ಲೊಂದು ಭಾಗವನ್ನು ಕಳೆದರೆ ಉಳಿಯುವುದು ಸುಮಾರು 113 ಲೀಟರ್. ಲೀಟರಿಗೆ 2 ಗ್ರಾಮಿನಂತೆ ಉಪ್ಪು ಬೇಕಾದುದು 226 ಗ್ರಾಂ. ಲೀಟರಿಗೆ 2 ಮಿಲಿಗ್ರಾಮಿನಂತೆ ಪೊಟ್ಯಾಸಿಯಂ ಪರಮಾಂಗನೇಟ್ ಬೇಕಾದುದು 226 ಮಿಲಿಗ್ರಾಂ, ಎಂದರೆ ಕಾಲು ಗ್ರಾಮಿಗಿಂತಲೂ ಕಡಿಮೆ. ಒಂದು ಚಮಚ ಹಾಕಿದರೆ ಅದು ತಕ್ಕ ಪ್ರಮಾಣದ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ, ಕಿವಿರುಗಳು ಸುಟ್ಟು ಮೀನುಗಳು ಸಾಯುವುದು ನಿಶ್ಚಯ. ಏಳನೆಯ ತರಗತಿಯ ಗಣಿತವು ಜೀವವನ್ನು ಉಳಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಕೆಲವು ಪದಾರ್ಥಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅವಶ್ಯ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಾಗಿ ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿ ಮೈಲುತುತ್ತವು ಸುಲಭವಾಗಿ ದೊರೆಯುತ್ತದೆ. ಮೀನಿನ ಪರೋಪಜೀವಿಗಳಿಗೂ ಇದು ಮದ್ದೆಂದು ಕೆಲವು ಪುಸ್ತಕಗಳಲ್ಲಿ ಇರುವುದು ನಿಜ. ಆದರೆ ತಾಮ್ರದ ವಿಷತ್ವವು ನೀರಿನ ಕ್ಷಾರೀಯತೆಯನ್ನು ಅವಲಂಬಿಸಿದೆ. ಗಡಸು ನೀರಿನಲ್ಲಿ ಮದ್ದಾಗುವ ಪ್ರಮಾಣವೇ ಮುರಕಲ್ಲಿನ ಬಾವಿಯ ಮೃದು ನೀರಿನಲ್ಲಿ ಮೀನುಗಳನ್ನು ಕೊಲ್ಲುತ್ತದೆ. ಆದುದರಿಂದ ಇಲ್ಲಿ ಅದನ್ನು ಬಳಸದಿರುವುದೇ ಲೇಸು. ಮ್ಯಾಲಕೈಟ್ ಹಸಿರು ಎಂಬ ಬಣ್ಣವು ಬಿಳಿಚುಕ್ಕೆಗೆ ಪ್ರಬಲ ಔಷಧಿಯಾದರೂ ಕ್ಯಾನ್ಸರ್‌ಕಾರಕವೆಂಬ ಸಂಶಯಕ್ಕೆ ಒಳಗಾಗಿ, ತಿನ್ನುವ ಮೀನುಗಳಲ್ಲಿ ಅದರ ಬಳಕೆ ಅನೇಕ ದೇಶಗಳಲ್ಲಿ ನಿಷಿದ್ಧವಾಗಿದೆ. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಕುಂದಿಸುತ್ತದೆ. ಅದರ ಆವಿಯು ಮನುಷ್ಯರಿಗೂ ಅಪಾಯಕಾರಿ. ಮಕ್ಕಳ ಕೈಗೆಟಕುವ ಶಾಲಾ ತೊಟ್ಟಿಗಳಲ್ಲಿ ಇವೆರಡಕ್ಕೂ ಸ್ಥಾನವಿರಕೂಡದು. ಟೆಟ್ರಾಸೈಕ್ಲಿನ್ ಮೊದಲಾದ ಪ್ರತಿಜೀವಕಗಳು ಬ್ಯಾಕ್ಟೀರಿಯಗಳ ಮೇಲೆ ಕೆಲಸ ಮಾಡುವುವೇ ಹೊರತು ಹುಳುಗಳ ಮೇಲಾಗಲಿ ಬಿಳಿಚುಕ್ಕೆಯ ಮೇಲಾಗಲಿ ಅಲ್ಲ. ಅವುಗಳನ್ನು ನೀರಿಗೆ ಸುರಿದರೆ ಅಮೋನಿಯವನ್ನು ಶುದ್ಧಿಗೊಳಿಸುವ ಬ್ಯಾಕ್ಟೀರಿಯಗಳು ಸತ್ತು, ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯುವುದಷ್ಟೇ ಫಲ.

ನಿವಾರಣೋಪಾಯ

ಹೆಚ್ಚಿನ ಪರೋಪಜೀವಿಗಳು ತೊಟ್ಟಿಯಲ್ಲಿ ತಾವಾಗಿ ಹುಟ್ಟುವುದಿಲ್ಲ. ಹೊಸ ಮೀನು, ಹೊಸ ಸಸ್ಯ, ಒದ್ದೆಯಾದ ಬಲೆಗಳೊಡನೆ ಬರುತ್ತವೆ. ಕೊಂಡು ತಂದ ಮೀನನ್ನು ಕನಿಷ್ಠ ಮೂರು ವಾರಗಳ ಕಾಲ ಪ್ರತ್ಯೇಕವಾದ ಸಣ್ಣ ತೊಟ್ಟಿಯಲ್ಲಿರಿಸಿ ಗಮನಿಸಿದ ಬಳಿಕವೇ ಮುಖ್ಯ ತೊಟ್ಟಿಗೆ ಬಿಡಬೇಕು. ಅದಕ್ಕೆ ಬೇರೆಯದೇ ಬಲೆ, ಬೇರೆಯದೇ ನಳಿಗೆ ಇರಲಿ. ಬಳಸಿದ ಬಲೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಬಹುತೇಕ ಪರೋಪಜೀವಿಗಳು ಸಾಯುತ್ತವೆ. ಶಾಲೆಗೆ ತೊಟ್ಟಿಯನ್ನು ದಾನ ನೀಡುವ ಮಹನೀಯರು ಅದರೊಡನೆ ಒಂದು ಸಣ್ಣ ಪ್ರತ್ಯೇಕ ತೊಟ್ಟಿ, ಒಂದು ಉಷ್ಣಮಾಪಕ ಮತ್ತು ಗ್ರಾಮಿನ ಭಾಗಗಳನ್ನು ತೂಗಬಲ್ಲ ಒಂದು ತಕ್ಕಡಿಯನ್ನೂ ನೀಡಿದರೆ ಆ ದಾನವು ಬಹುಕಾಲ ಬಾಳುತ್ತದೆ.

ಮತ್ತೊಂದು ಕರ್ತವ್ಯವು ತೊಟ್ಟಿಯ ಹೊರಗಿನದು. ರೋಗ ಬಂದ ಅಥವಾ ಬೇಡವಾದ ಮೀನುಗಳನ್ನು ಕೊಲ್ಲಲು ಮನಸ್ಸಾಗದೆ ಹೊಳೆಗೋ ಕೆರೆಗೋ ಬಿಟ್ಟುಬರುವವರುಂಟು. ಇದು ದಯೆಯಂತೆ ಕಂಡರೂ ಪರಿಣಾಮದಲ್ಲಿ ಕ್ರೌರ್ಯವೇ ಆಗಬಹುದು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳನ್ನು ಭಕ್ತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಬೇರೆಲ್ಲಿಯೂ ಇಲ್ಲದ ಎಷ್ಟೋ ಜಾತಿಯ ಮೀನುಗಳಿವೆ. ದೂರದೇಶದ ಮೀನಿನೊಡನೆ ಬಂದ ಪರೋಪಜೀವಿಯನ್ನು ಇವು ಹಿಂದೆಂದೂ ಕಂಡಿರಲಾರವು. ಆದುದರಿಂದ ಅದನ್ನು ಎದುರಿಸುವ ಶಕ್ತಿಯೂ ಇರಲಾರದು. ತೊಟ್ಟಿಯ ಮೀನನ್ನಾಗಲಿ, ಔಷಧಿ ಬೆರೆತ ನೀರನ್ನಾಗಲಿ ಹೊಳೆ, ಕೆರೆ, ಬಾವಿಗಳಿಗೆ ಎಂದಿಗೂ ಬಿಡಕೂಡದು. ಬೇಡವಾದ ಆರೋಗ್ಯವಂತ ಮೀನನ್ನು ಸಾಕಬಲ್ಲ ಇನ್ನೊಬ್ಬರಿಗೆ ಕೊಡುವುದು, ಸತ್ತ ಮೀನನ್ನು ಮಣ್ಣಿನಲ್ಲಿ ಹೂಳುವುದು ಸರಿಯಾದ ಮಾರ್ಗ.

ಉಪಸಂಹಾರ

ಮೀನಿನ ರೋಗಕ್ಕೆ ಚಿಕಿತ್ಸೆ ಮಾಡುವುದು ಅಲ್ಪ ಕಾರ್ಯವೆಂದು ತೋರಬಹುದು. ಆದರೆ ಲಕ್ಷಣಗಳನ್ನು ತಾಳ್ಮೆಯಿಂದ ಗಮನಿಸುವುದು, ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರಬಹುದೆಂದು ತಿಳಿಯುವುದು, ಪರೀಕ್ಷೆಯಿಂದ ನಿಜವಾದ ಕಾರಣವನ್ನು ಕಂಡುಕೊಳ್ಳುವುದು, ಶತ್ರುವಿನ ಜೀವನಚಕ್ರದಲ್ಲಿ ದುರ್ಬಲ ಘಳಿಗೆಯನ್ನು ಗುರುತಿಸುವುದು, ಅಳೆದು ತೂಗಿ ಮದ್ದು ಕೊಡುವುದು, ಗುಣವಾಗುವವರೆಗೆ ಬಿಡದೆ ಆರೈಕೆ ಮಾಡುವುದು — ಇವು ವೈದ್ಯನಿಗೂ ಅಧ್ಯಾಪಕನಿಗೂ ಗೃಹಸ್ಥನಿಗೂ ಒಂದೇ ರೀತಿಯಾಗಿ ಬೇಕಾದ ಗುಣಗಳು. ನೂರು ಲೀಟರ್ ನೀರಿನಲ್ಲಿ ಈ ಗುಣಗಳನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಯು ಮುಂದೆ ತನ್ನ ಕೈಗೆ ಒಪ್ಪಿಸಲ್ಪಟ್ಟ ಯಾವ ಜೀವದ ವಿಷಯದಲ್ಲಿಯೂ ಅಂದಾಜಿನ ಮೇಲೆ ನಡೆಯಲಾರನು.